ಬೀಗ ಹಾಕದ ಊರು: ಹಿಮಕರಡಿ, ಹಿಮನರಿ ಮತ್ತು ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಆರ್ಕ್ಟಿಕ್‌ನಲ್ಲಿ ನಮ್ಮ ದೇಶದ ‘ಹಿಮಾದ್ರಿ’ ಸಂಶೋಧನಾ ಕೇಂದ್ರದ ಬಗ್ಗೆ ಬರೆದಿದ್ದೆ. ಎರಡು ಬೇಸಿಗೆ ಮತ್ತು ಒಂದು ಚಳಿಗಾಲದ ಕತ್ತಲಲ್ಲಿ ಒಂದು ತಿಂಗಳು ಅಲ್ಲಿದ್ದು ಬಂದವನು ನಾನು. ನೀವು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿದ್ದೇನೆ. ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಹಿಮಾದ್ರಿ ಇರುವುದು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ, ನಿ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,200 ಕಿಲೋಮೀಟರ್. ಹಿಂದೆ ಅದು ಕಲ್ಲಿದ್ದಲು ಗಣಿಯ ಊರು. 1962ರಲ್ಲಿ ಗಣಿ ಸ್ಫೋಟವಾಗಿ 21 ಜನ ಸತ್ತರು, ಮರುವರ್ಷ ಗಣಿ ಮುಚ್ಚಿತು. ಈಗ ಅಲ್ಲಿರುವುದು ಬೇರೆ ಬೇರೆ ದೇಶಗಳ ಸಂಶೋಧಕರು ಮತ್ತು ಊರನ್ನು ನೋಡಿಕೊಳ್ಳುವ ಸಿಬ್ಬಂದಿ ಮಾತ್ರ. ಚಳಿಗಾಲದಲ್ಲಿ ಮೂವತ್ತು ನಲವತ್ತು ಜನ, ಬೇಸಿಗೆಯಲ್ಲಿ ನೂರು ದಾಟುತ್ತದೆ.

ಪ್ರಶ್ನೆ: ನಮ್ಮ ಕಡೆ ಆನೆ ಬಂದರೆ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಆದರೂ ಸಂಜೆ ಆರರ ಮೇಲೆ ತೋಟಕ್ಕೆ ಹೋಗಲು ಎದೆ ಡವಡವ. ನೀವು ಹಿಮಕರಡಿ ಇರುವ ಜಾಗದಲ್ಲಿ ಹೇಗೆ ಓಡಾಡಿದಿರಿ? ಎದುರಿಗೆ ಬಂದರೆ ಗುಂಡು ಹಾರಿಸುತ್ತಾರಾ?
— ಕಾಫಿ ಬೆಳೆಗಾರರು, ಸಕಲೇಶಪುರ

ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು ಸರ್. ನಾನೂ ಮಲೆನಾಡಿನವನೇ.

ಅಲ್ಲಿ ಕಾಲಿಟ್ಟ ಮೊದಲ ದಿನವೇ ಹೇಳಿದ ಮಾತು, ಯಾವ ಮನೆಗೂ ಬೀಗ ಹಾಕಬೇಡಿ. ನನಗೆ ವಿಚಿತ್ರ ಅನಿಸಿತು. ಲ್ಯಾಬ್, ಮಲಗುವ ಮನೆ, ಗೋದಾಮು, ಎಲ್ಲದರ ಬಾಗಿಲೂ ಸುಮ್ನೆ ಚಿಲಕ ತಿರುಗಿಸಿದರೆ ತೆರೆಯಬೇಕು. ಯಾಕೆಂದರೆ ಕರಡಿ ಊರೊಳಗೆ ಬಂದಾಗ ನೀವು ಎಲ್ಲೇ ಇದ್ದರೂ ಹತ್ತಿರದ ಬಾಗಿಲಿಗೆ ನುಗ್ಗಬೇಕು, ಅದು ಜರ್ಮನ್ನರದ್ದೋ ಚೀನಾದವರದ್ದೋ ಎಂದು ನೋಡುತ್ತಾ ನಿಲ್ಲುವಂತಿಲ್ಲ. ಕರಡಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬೀಗದ ಕೈ ಹುಡುಕುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

ಊರು ದಾಟಿ ಹೊರಗೆ ಹೋಗಬೇಕಾದರೆ ಬಂದೂಕು ಬೇಕೇ ಬೇಕು. ಅದಕ್ಕೆ ಮೊದಲು ತರಬೇತಿ. ಜೀವನದಲ್ಲಿ ಬಂದೂಕು ಮುಟ್ಟದ ನಾನು ರೈಫಲ್ ಬಿಚ್ಚುವುದು, ತುಂಬುವುದು, ಖಾಲಿ ಮಾಡುವುದು, ಗುರಿಯಿಡುವುದು ಎಲ್ಲ ಕಲಿತೆ. ಕೈಗವಸು ಹಾಕಿಕೊಂಡು ಗುಂಡು ತುಂಬುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಬೆರಳು ಮರಗಟ್ಟಿ ಮೂರು ಸಲ ಗುಂಡು ಹಿಮದ ಮೇಲೆ ಬಿತ್ತು. ಬಂದೂಕಿನ ಜೊತೆ ಬೆಳಕು ಸದ್ದು ಮಾಡುವ ಫ್ಲೇರ್ ಪಿಸ್ತೂಲು, ವಾಕಿಟಾಕಿ ರೇಡಿಯೋ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿಯೇ ಹೊರಡಬೇಕು.

ಆದರೆ ತರಬೇತಿಯಲ್ಲಿ ಜಾಸ್ತಿ ಹೊತ್ತು ಹೇಳಿಕೊಟ್ಟಿದ್ದು ಗುಂಡು ಹಾರಿಸದೆ ಇರುವುದು ಹೇಗೆ ಎಂದು. ದುರ್ಬೀನಿನಿಂದ ನೋಡುತ್ತಾ ಹೋಗಿ. ದಿಬ್ಬ ದಾಟುವ ಮುಂಚೆ ನಿಂತು ಆಚೆ ನೋಡಿ. ಕರಡಿ ಕಂಡರೆ ಅದಕ್ಕೆ ನೀವು ಕಾಣುವ ಮೊದಲೇ ವಾಪಸ್ ಬನ್ನಿ. ಹತ್ತಿರ ಬಂದರೆ ಗುಂಪಾಗಿ ನಿಲ್ಲಿ, ಸದ್ದು ಮಾಡಿ, ಫ್ಲೇರ್ ಹಾರಿಸಿ. ಗುಂಡು ಕಟ್ಟಕಡೆಗೆ, ಜೀವ ಉಳಿಸಿಕೊಳ್ಳಲು ಮಾತ್ರ. ಅಲ್ಲಿ ಹಿಮಕರಡಿಗೆ 1973ರಿಂದ ಪೂರ್ತಿ ರಕ್ಷಣೆ ಇದೆ, ಒಂದು ಕರಡಿ ಸತ್ತರೂ ತನಿಖೆ ನಡೆಯುತ್ತದೆ. 2025ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ ಕರಡಿಯಿಂದ 500 ಮೀಟರ್ ದೂರ ಇರಬೇಕು, ಉಳಿದ ತಿಂಗಳಲ್ಲಿ 300 ಮೀಟರ್. ಮರಿ ಜೊತೆ ತಾಯಿ ಓಡಾಡುವ ಕಾಲ ಅದು, ಅದಕ್ಕೇ ವಸಂತದಲ್ಲಿ ದೂರ ಜಾಸ್ತಿ.

ನಾನು ಕರಡಿ ಕಂಡದ್ದು ಎರಡು ಸಲ. ಒಂದು ಸಲ ಬಹಳ ದೂರದ ಚುಕ್ಕೆ ಅಷ್ಟೇ. ಇನ್ನೊಂದು ಜೂನ್‌ನಲ್ಲಿ, ದೋಣಿಯಿಂದ. ನಮ್ಮ ಊರಿರುವ ಕಾಂಗ್ಸ್‌ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲು. ಅದರಲ್ಲಿ ಸಣ್ಣ ಸಣ್ಣ ನಡುಗಡ್ಡೆಗಳಿವೆ, ಬಾತು ಹೆಬ್ಬಾತುಗಳು ಅಲ್ಲಿ ಮೊಟ್ಟೆ ಇಡುತ್ತವೆ. ಒಂದು ನಡುಗಡ್ಡೆ ಮೇಲೆ ಹಳದಿ ಬಣ್ಣದ ಬಂಡೆ ಕಂಡಿತು. ಹಿಮಕರಡಿ ಬಿಳಿ ಅಂತ ನಾವು ಅಂದುಕೊಂಡಿರುತ್ತೇವೆ, ಹಿಮದ ಪಕ್ಕ ಇಟ್ಟು ನೋಡಿದರೆ ಅದು ಹಳೇ ಬೆಣ್ಣೆಯ ಬಣ್ಣ. ಬಂಡೆ ಕದಲಿತು. ಎಂಜಿನ್ ನಿಲ್ಲಿಸಿ ದೂರದಲ್ಲೇ ದುರ್ಬೀನು ಹಿಡಿದೆವು.

ಕರಡಿ ತಲೆ ತಗ್ಗಿಸಿ ಗೂಡಿನಿಂದ ಗೂಡಿಗೆ ಹೋಗುತ್ತಿತ್ತು. ಒಂದು ಹೆಬ್ಬಾತು ಎದ್ದು ಹಾರಿತು, ಕರಡಿ ಅಲ್ಲಿ ಮೂತಿ ಇಟ್ಟಿತು, ಎತ್ತಿದಾಗ ಮೂತಿ ತುಂಬ ಮೊಟ್ಟೆಯ ಲೋಳೆ. ಮುಂದಿನ ಗೂಡು. ಮತ್ತೆ ಮುಂದಿನದು. ನನ್ನ ಪಕ್ಕ ಕೂತಿದ್ದ ಹಕ್ಕಿ ಸಂಶೋಧಕಿ ಆ ನಡುಗಡ್ಡೆಯ ಗೂಡುಗಳನ್ನು ವರ್ಷಗಳಿಂದ ಎಣಿಸುತ್ತಿದ್ದವರು. ಅವರು ಒಂದೂ ಮಾತಾಡದೆ ಪುಸ್ತಕದಲ್ಲಿ ಗೆರೆ ಹಾಕುತ್ತಾ ಹೋದರು. ಕರಡಿಯ ಊಟ ಸೀಲ್. ಸೀಲ್ ಹಿಡಿಯಲು ಅದಕ್ಕೆ ಕಡಲ ಮೇಲೆ ಮಂಜುಗಡ್ಡೆ ಬೇಕು. ಕಾಂಗ್ಸ್‌ಫ್ಯೋರ್ಡ್ 2006ರಿಂದೀಚೆಗೆ ಹಿಂದಿನ ಹಾಗೆ ಹೆಪ್ಪುಗಟ್ಟುತ್ತಿಲ್ಲ. ಮಂಜು ಇಲ್ಲದಾಗ ಕರಡಿ ದಡದಲ್ಲೇ ಉಳಿದು ಮೊಟ್ಟೆಗೆ ಬೀಳುತ್ತದೆ. ಕರಡಿಯನ್ನು ಬೈಯಲು ಮನಸ್ಸು ಬರಲಿಲ್ಲ, ಹಕ್ಕಿಗಳಿಗಾಗಿ ಹೊಟ್ಟೆ ಉರಿಯಿತು, ಎರಡೂ ನಿಜ.

ಅಪಾಯ ಇಲ್ಲ ಅಂತ ಮಾತ್ರ ನಾನು ಹೇಳುವುದಿಲ್ಲ. 2020ರ ಆಗಸ್ಟ್‌ನಲ್ಲಿ ಸ್ವಾಲ್ಬಾರ್ಡ್‌ನದೇ ಲಾಂಗ್‌ಇಯರ್‌ಬೈನ್ ಪಟ್ಟಣದ ಹತ್ತಿರವೇ ಟೆಂಟಿನಲ್ಲಿ ಮಲಗಿದ್ದ ಒಬ್ಬರನ್ನು ಕರಡಿ ಕೊಂದಿತು. ಅದಕ್ಕೇ ಅಲ್ಲಿ ಯಾರೂ ಒಬ್ಬರೇ ವಾಕಿಂಗ್ ಹೋಗುವುದಿಲ್ಲ.

ಪ್ರಶ್ನೆ: ಅನ್ನ ಸಾರು ಸಿಗುತ್ತದಾ ಅಣ್ಣ? ಸಸ್ಯಾಹಾರಿಗಳ ಗತಿ ಏನು?
— ಗೃಹಿಣಿ, ಮಂಡ್ಯ

ಅನ್ನ ಆಗಾಗ ಸಿಗುತ್ತದೆ, ಸಾರು ಇಲ್ಲ ಅಕ್ಕ. ಹಿಮಾದ್ರಿಯಲ್ಲಿ ನಾಲ್ಕು ಮಲಗುವ ಕೋಣೆ, ಎಂಟು ಜನ ಇರಬಹುದು. ಊಟ ಮಾತ್ರ ಇಡೀ ಊರಿಗೆ ಒಂದೇ ಮೆಸ್‌ನಲ್ಲಿ. ಬಾಗಿಲಲ್ಲೇ ಬೂಟು ಬಿಚ್ಚಿ ಕಾಲುಚೀಲದಲ್ಲಿ ಒಳಗೆ ಹೋಗಬೇಕು. ಗಣಿ ಕೆಲಸದವರು ಕಲ್ಲಿದ್ದಲಿನ ಮಸಿ ಮನೆಯೊಳಗೆ ತರಬಾರದು ಅಂತ ಶುರುವಾದ ಪದ್ಧತಿ ಅದು, ಗಣಿ ಹೋದರೂ ಉಳಿದಿದೆ. ನಮಗೆ ಹೇಳಿಕೊಡಬೇಕಾಗಲಿಲ್ಲ, ಚಪ್ಪಲಿ ಹೊರಗೆ ಬಿಟ್ಟೇ ಬೆಳೆದವರಲ್ವಾ.

ಬ್ರೆಡ್, ಚೀಸ್, ಮೀನು, ಮಾಂಸ, ಆಲೂಗಡ್ಡೆ, ಸೂಪು. ಸಸ್ಯಾಹಾರ ಬೇಕು ಅಂತ ಮೊದಲೇ ಹೇಳಿದರೆ ಮಾಡಿಕೊಡುತ್ತಾರೆ. ತರಕಾರಿ ಯಾವುದೂ ಅಲ್ಲಿ ಬಯಲಲ್ಲಿ ಬೆಳೆಯುವುದಿಲ್ಲ, ಎಲ್ಲವೂ ಹಡಗು ಅಥವಾ ವಿಮಾನದಲ್ಲಿ ಬರಬೇಕು. ಹಾಗಾಗಿ ತಟ್ಟೆಯಲ್ಲಿ ಅರ್ಧ ಟೊಮೆಟೊ ಬಿಡಲೂ ನನಗೆ ಮನಸ್ಸಾಗುತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಇತ್ತು. ಆಲೂಗಡ್ಡೆ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಿದ್ದೆ. ಮೂರನೇ ವಾರಕ್ಕೆ ಕೊರಿಯಾದ ಹುಡುಗನೊಬ್ಬ ತನ್ನ ತಟ್ಟೆ ಮುಂದೆ ಚಾಚಿದ.

ಮೆಸ್‌ನ ಕಿಟಕಿಯಿಂದ ಕಡಲು ಕಾಣುತ್ತದೆ. ಒಂದು ಸಂಜೆ ಊಟದ ನಡುವೆ ಯಾರೋ ‘ಬೆಲುಗಾ’ ಅಂದರು, ಅಂದರೆ ಬಿಳಿ ತಿಮಿಂಗಿಲ. ಇಡೀ ಮೆಸ್ ಚಮಚ ಕೆಳಗಿಟ್ಟು ಕಿಟಕಿಗೆ ಬಂತು. ದಡಕ್ಕೆ ತೀರಾ ಹತ್ತಿರ ಬಿಳಿ ಬೆನ್ನುಗಳು ಒಂದರ ಹಿಂದೊಂದು ಎದ್ದು ಮುಳುಗುತ್ತಾ ಹೋದವು, ನಡುನಡುವೆ ಬೂದು ಬಣ್ಣದ ಮರಿಗಳು. ಹತ್ತು ನಿಮಿಷ ಆಗಿರಬಹುದು. ವರ್ಷಗಟ್ಟಲೆ ಅಲ್ಲೇ ಇರುವ ಅಡುಗೆಯವರೂ ಸೌಟು ಹಿಡಿದೇ ಬಂದು ನಿಂತಿದ್ದರು.

ಪ್ರಶ್ನೆ: ಅಲ್ಲಿ ವೈ-ಫೈ ಇಲ್ಲವಂತೆ, ನಿಜವಾ? ಇಂಥ ದೊಡ್ಡ ವಿಜ್ಞಾನ ಕೇಂದ್ರದಲ್ಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ನಿಜ. ವೈ-ಫೈ ಇಲ್ಲ, ಬ್ಲೂಟೂತ್ ಇಲ್ಲ, ಮೊಬೈಲ್ ನೆಟ್‌ವರ್ಕ್ ಇಲ್ಲ. ಊರಿಂದ 20 ಕಿಲೋಮೀಟರ್ ಸುತ್ತ ಈ ನಿಯಮ. ವಿಮಾನ ಇಳಿಯುವ ಮೊದಲೇ ಫೋನು, ಕೈಗಡಿಯಾರ, ಇಯರ್‌ಫೋನ್ ಎಲ್ಲದರ ವೈರ್‌ಲೆಸ್ ಆಫ್ ಮಾಡಬೇಕು. ಕಾರಣ, ಅಲ್ಲಿ ದೊಡ್ಡ ರೇಡಿಯೋ ದೂರದರ್ಶಕಗಳಿವೆ. ಬಹಳ ಬಹಳ ದೂರದ ಆಕಾಶಕಾಯಗಳಿಂದ ಬರುವ ಕ್ಷೀಣ ರೇಡಿಯೋ ಅಲೆ ಹಿಡಿದು, ಭೂಮಿ ಹೇಗೆ ತಿರುಗುತ್ತಿದೆ, ಖಂಡಗಳು ಎಷ್ಟು ಸರಿದಿವೆ ಅಂತ ಅಳೆಯುತ್ತಾರೆ. ನಿಮ್ಮ ಜೇಬಿನ ಫೋನಿನ ಸಿಗ್ನಲ್ ಅದಕ್ಕೆ ಕಿವಿಯ ಹತ್ತಿರ ಡೋಲು ಬಾರಿಸಿದ ಹಾಗೆ. ಇಂಟರ್ನೆಟ್ ಇದೆ, ವೇಗವಾಗಿಯೇ ಇದೆ, ಆದರೆ ತಂತಿ ಚುಚ್ಚಿಕೊಂಡು ಕೂರಬೇಕು.

ಇದಕ್ಕೆ ನಮ್ಮ ಬೆಂಗಳೂರಿನ ನಂಟೂ ಇದೆ. 2023ರ ಡಿಸೆಂಬರ್‌ನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಇದ್ದರು. ವಿಶ್ವದ ಮೊದಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಸಂಕೇತ ಹುಡುಕುವವರು ಅವರು. ಅದಕ್ಕೆ ರೇಡಿಯೋ ಗದ್ದಲ ಇಲ್ಲದ ಜಾಗ ಬೇಕು. 2020ರಲ್ಲಿ ತಮ್ಮ ‘ಸರಸ್’ ಉಪಕರಣವನ್ನು ತೆಪ್ಪದಲ್ಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಿದ್ದರು. ಶರಾವತಿಯಿಂದ ಆರ್ಕ್ಟಿಕ್‌ವರೆಗೆ ಒಂದು ನಿಶ್ಶಬ್ದದ ಜಾಗ ಹುಡುಕಿಕೊಂಡು ಹೋಗಿದ್ದಾರೆ ಅಂದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ನೆಟ್‌ವರ್ಕ್ ಇಲ್ಲದ್ದರಿಂದ ಊಟದ ಮೇಜಲ್ಲಿ ಯಾರೂ ಫೋನ್ ನೋಡುವುದಿಲ್ಲ, ಎದುರಿಗಿದ್ದವರ ಜೊತೆ ಮಾತಾಡುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಪ್ರಶ್ನೆ: ನಾಲ್ಕು ತಿಂಗಳು ಕತ್ತಲು ಅಂದರೆ ತಲೆ ಕೆಡುವುದಿಲ್ಲವೇ? ಪ್ರಾಣಿಗಳು ಏನು ಮಾಡುತ್ತವೆ?
— ನಿವೃತ್ತ ಮೇಷ್ಟ್ರು, ಗದಗ

ಮೇಷ್ಟ್ರೇ, ಅಕ್ಟೋಬರ್ ಕೊನೆಯ ವಾರ ಮುಳುಗಿದ ಸೂರ್ಯ ಮತ್ತೆ ಮೇಲೆ ಬರುವುದು ಫೆಬ್ರವರಿ ಮಧ್ಯದಲ್ಲಿ. ದಕ್ಷಿಣಕ್ಕೆ ಬೆಟ್ಟ ಇರುವುದರಿಂದ ಊರಿನ ನೆಲಕ್ಕೆ ಬಿಸಿಲು ಬೀಳಲು ಇನ್ನೂ ಸ್ವಲ್ಪ ದಿನ ಬೇಕು. ನಾನಿದ್ದದ್ದು ಒಂದೇ ತಿಂಗಳು. ಮೊದಲ ವಾರ ನಿದ್ದೆ ಕೆಟ್ಟಿತು, ಮಧ್ಯಾಹ್ನ ಹನ್ನೆರಡಕ್ಕೂ ಆಕಾಶ ಕಪ್ಪು ನೋಡಿ ಹೊಟ್ಟೆಗೆ ಯಾವ ಊಟದ ಹೊತ್ತು ಎಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಗಡಿಯಾರ ಹಿಡಿದುಕೊಂಡೆ. ಊಟದ ಗಂಟೆ ತಪ್ಪಿಸಬಾರದು, ದಿನಾ ಹೊರಗೆ ಹೋಗಲೇಬೇಕು, ವಿಟಮಿನ್ ಡಿ ಮರೆಯಬಾರದು. ಜರ್ಮನಿ-ಫ್ರಾನ್ಸ್ ಕೇಂದ್ರದವರು ದಿನಾ ಅದೇ ಹೊತ್ತಿಗೆ ಹವಾಮಾನದ ಬಲೂನು ಹಾರಿಸುತ್ತಾರೆ. ಕತ್ತಲಲ್ಲಿ ಅದು ಮೇಲೇರಿ ಮಾಯವಾಗುವುದನ್ನು ನೋಡಿದರೆ ಇವತ್ತು ಒಂದು ದಿನ ಆಯಿತು ಅಂತ ಸಮಾಧಾನ.

ಪೂರ್ತಿ ಕತ್ತಲು ಅಂತಲೂ ಅಲ್ಲ. ಡಿಸೆಂಬರ್‌ನಲ್ಲಿ ಹುಣ್ಣಿಮೆ ಹತ್ತಿರ ಬಂದಾಗ ಚಂದ್ರ ಹಲವು ದಿನ ಮುಳುಗುವುದೇ ಇಲ್ಲ, ಸುತ್ತುತ್ತಲೇ ಇರುತ್ತಾನೆ. ಹಿಮದ ಮೇಲೆ ಬೆಳದಿಂಗಳು ಬಿದ್ದರೆ ಟಾರ್ಚ್ ಬೇಡ. ಆಕಾಶದಲ್ಲಿ ಬಣ್ಣದ ಬೆಳಕು ಕುಣಿಯುವ ಧ್ರುವಪ್ರಭೆ ಅಲ್ಲಿ ನಟ್ಟ ನಡು ಹಗಲಲ್ಲೂ ಕಾಣುತ್ತದೆ, ಹಗಲೇ ಕತ್ತಲಾಗಿರುವುದರಿಂದ.

ಪ್ರಾಣಿಗಳ ವಿಷಯ. ನಿಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆ ಹೆಬ್ಬಾತು ಬರುತ್ತವಲ್ಲ, ಹಾಗೇ ಅಲ್ಲಿಯ ಬಾರ್ನಕಲ್ ಹೆಬ್ಬಾತುಗಳು ಚಳಿಗೆ ಮೊದಲೇ ಬ್ರಿಟನ್ನಿನ ಸಾಲ್ವೇ ಕರಾವಳಿಗೆ ಹೋಗಿಬಿಡುತ್ತವೆ. ಉಳಿಯುವುದು ಹಿಮಕರಡಿ, ಹಿಮನರಿ, ಹಿಮಸಾರಂಗ, ಟಾರ್ಮಿಗನ್ ಎಂಬ ಬಿಳಿ ಕೋಳಿಯಂಥ ಹಕ್ಕಿ.

ಹಿಮಸಾರಂಗದ ಬಗ್ಗೆ ಸ್ವಲ್ಪ ಹೇಳಲೇಬೇಕು. ಸ್ವಾಲ್ಬಾರ್ಡ್‌ನದ್ದು ಗಿಡ್ಡ ಜಾತಿ. ಕುಳ್ಳು ಕಾಲು, ದುಂಡು ಮೈ, ದಪ್ಪ ಕೂದಲು. ಬೇಟೆಯಿಂದ ಆ ಕಡೆ ಅಳಿದೇ ಹೋಗಿತ್ತು, 1978ರಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟರು. ಮನುಷ್ಯರನ್ನು ಕಂಡು ಅಷ್ಟಾಗಿ ಹೆದರುವುದಿಲ್ಲ. ನಾನಿದ್ದಾಗ ಒಂದು ರಾತ್ರಿ ಮಳೆ ಬಂತು. ಡಿಸೆಂಬರ್‌ನಲ್ಲಿ ಮಳೆ! ಧ್ರುವದ ಹತ್ತಿರ, ಸೂರ್ಯನೇ ಇಲ್ಲದ ತಿಂಗಳಲ್ಲಿ. ಬೆಳಿಗ್ಗೆ ಚಳಿ ಬಿದ್ದು ಆ ನೀರೆಲ್ಲ ಗಟ್ಟಿಯಾಯಿತು. ನೆಲದ ಮೇಲೆ ಗಾಜು ಹಾಸಿದ ಹಾಗೆ. ನಾವು ಬೂಟಿಗೆ ಮೊಳೆಪಟ್ಟಿ ಕಟ್ಟಿಕೊಂಡು ನಡೆದೆವು.

ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಒಂದು ಹೆಣ್ಣು ಸಾರಂಗ ಕಂಡಿತು. ಮುಂಗಾಲಿನಿಂದ ಮಂಜನ್ನು ಹೊಡೆಯುತ್ತಿತ್ತು. ಟಕ್, ಟಕ್, ಟಕ್. ಕೆಳಗಿನ ಹುಲ್ಲು, ಪಾಚಿ ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತಿತ್ತು, ಬಾಯಿಗೆ ಸಿಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಹೊಡೆಯುವುದು, ಮೂಸುವುದು, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹೊಡೆಯುವುದು. ಎರಡು ದಿನದ ನಂತರ ಕಡಲ ದಡದಲ್ಲಿ ನಾಲ್ಕೈದು ಸಾರಂಗ ತಲೆ ತಗ್ಗಿಸಿ ನಿಂತಿದ್ದವು. ಅಲೆ ತಂದು ಹಾಕಿದ ಕಡಲಕಳೆ ತಿನ್ನುತ್ತಿದ್ದವು. ಅದು ಅವುಗಳ ಮೇವಲ್ಲ, ಬೇರೆ ದಾರಿ ಇಲ್ಲದಾಗ ತಿನ್ನುವುದು. ಒಂದು ಹಿಡಿ ಹುಲ್ಲು ಹಾಕಬಾರದೇ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಅಲ್ಲಿ ಕಾಡುಪ್ರಾಣಿಗೆ ತಿನ್ನಿಸುವಂತಿಲ್ಲ. ಹಸಿದ ಹಸುವಿಗೆ ಮೇವು ಹಾಕದೆ ಮನೆಯೊಳಗೆ ಹೋಗಿ ಊಟ ಮಾಡಿದ ಹಾಗಿತ್ತು ನನಗೆ. ಆದರೂ ನಿಯಮ ಸರಿ ಅಂತಲೇ ಈಗ ಅನಿಸುತ್ತದೆ. ನಾವು ಒಂದೆರಡು ತಿಂಗಳಲ್ಲಿ ಹೊರಟು ಹೋಗುವವರು, ನಮ್ಮ ಕೈ ನೋಡುತ್ತಾ ಬದುಕಲು ಅವು ಕಲಿತರೆ ಆಮೇಲೆ ಯಾರು ಹಾಕುತ್ತಾರೆ?

ಪ್ರಶ್ನೆ: ಹಿಮನರಿ ನೋಡಲು ಮುದ್ದು ನಾಯಿಮರಿ ಥರ. ಮುಟ್ಟಬಹುದಾ?
— ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಬೇಡಮ್ಮ, ಖಂಡಿತ ಬೇಡ. ಅಲ್ಲಿಯ ನರಿಗಳಲ್ಲಿ ರೇಬಿಸ್ ಇದೆ. ಕೆಲವು ಮನೆಗಳ ಕೆಳಗೇ ಮರಿ ಹಾಕುತ್ತವೆ, ಹಾಗಾಗಿ ಎದುರಿಗೆ ಸಿಗುತ್ತಲೇ ಇರುತ್ತವೆ. ನರಿ ತಾನಾಗಿ ಹತ್ತಿರ ಬಂದರೆ ಖುಷಿಪಡಬೇಡಿ, ದೂರ ಸರಿಯಿರಿ ಅಂತಲೇ ಹೇಳುತ್ತಾರೆ. ದೂರದಿಂದ ನೋಡಲು ಎಷ್ಟು ಚೆಂದ ಅಂದರೆ, ಜೂನ್‌ನಲ್ಲಿ ಒಂದು ನರಿ ಹೆಬ್ಬಾತಿನ ಮೊಟ್ಟೆ ಬಾಯಲ್ಲಿ ಹಿಡಿದು ನಮ್ಮ ಮನೆ ಮುಂದೆಯೇ ಹೋಯಿತು, ಪಾಚಿ ಕೆದಕಿ ಅದನ್ನು ಹೂತಿತು, ಮೂತಿಯಿಂದ ಮಣ್ಣು ತಳ್ಳಿ ಮುಚ್ಚಿತು. ಮೊಟ್ಟೆ ಒಡೆಯಲೇ ಇಲ್ಲ. ಐದು ನಿಮಿಷಕ್ಕೆ ಇನ್ನೊಂದು ತಂದಿತು.

ಪ್ರಶ್ನೆ: ಅಷ್ಟು ದುಡ್ಡು ಸುರಿದು ಅಲ್ಲಿಗೆ ಹೋಗಿ ನಮ್ಮ ರೈತನಿಗೆ ಏನು ಲಾಭ? ಹೋಗುವುದಾದರೂ ಹೇಗೆ?
— ಓದುಗರು, ರಾಯಚೂರು

ನ್ಯಾಯವಾದ ಪ್ರಶ್ನೆ. ಆರ್ಕ್ಟಿಕ್ ಬಿಸಿಯಾಗುವುದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಅರಿಯುವುದು ಅಲ್ಲಿಯ ಭಾರತದ ಕೆಲಸದ ಒಂದು ಮುಖ್ಯ ಭಾಗ. 2014ರ ಜುಲೈನಲ್ಲಿ ನಮ್ಮವರು ಕಾಂಗ್ಸ್‌ಫ್ಯೋರ್ಡ್‌ನ ನೀರೊಳಗೆ ‘ಇಂಡಾರ್ಕ್’ ಎಂಬ ಉಪಕರಣಗಳ ಸರಪಳಿ ಇಳಿಸಿದರು. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಎಷ್ಟು ಒಳಗೆ ಬರುತ್ತಿದೆ ಅಂತ ಅದು ಹೇಳುತ್ತದೆ. ನಾಳೆಯೇ ನಿಮ್ಮ ಹೊಲಕ್ಕೆ ಮಳೆ ತರುವ ಕೆಲಸ ಇದಲ್ಲ. ಆದರೆ ಮಳೆ ಯಾಕೆ ಹದ ತಪ್ಪುತ್ತಿದೆ ಅಂತ ಕೇಳುವವರಿಗೆ ಈ ಅಳತೆ ಬೇಕು, ಒಂದೆರಡು ವರ್ಷದ್ದಲ್ಲ, ಹತ್ತಾರು ವರ್ಷಗಳದ್ದು. ಇದನ್ನು ನಾನು ಮನಸಾರೆ ನಂಬುತ್ತೇನೆ.

ಹೋಗಬೇಕೆಂದರೆ ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ಸಂಶೋಧನೆಯ ಪ್ರಸ್ತಾವ ಕೊಡಬೇಕು. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ, ಆದರೆ ನಾರ್ವೆ ಮೂಲಕವೇ ಹೋಗಬೇಕಾದ್ದರಿಂದ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕಾಗುತ್ತದೆ. ಹೋಗಿ ಬರಲು ಎರಡು ಪ್ರವೇಶದ ವೀಸಾ ಕೇಳಿ, ಮರೆಯಬೇಡಿ. ಕೊನೆಯ ಹಾರಾಟ ಡಾರ್ನಿಯರ್ ಎಂಬ ಪುಟ್ಟ ವಿಮಾನದಲ್ಲಿ, ಅರ್ಧ ಗಂಟೆಯೊಳಗೆ.

ಪ್ರಶ್ನೆ: ಅಂಕಲ್, ನಿಮಗೆ ಅಲ್ಲಿ ಯಾವ ಪ್ರಾಣಿ ಕಚ್ಚಿತು? ಯಾವುದು ಇಷ್ಟ?
— ಆರನೇ ತರಗತಿ, ತರೀಕೆರೆ

ಪುಟ್ಟಾ, ಎರಡಕ್ಕೂ ಒಂದೇ ಉತ್ತರ. ಆರ್ಕ್ಟಿಕ್ ಟರ್ನ್. ನಿಮ್ಮೂರಿಗೆ ಹತ್ತಿರದ ಲಕ್ಕವಳ್ಳಿಯಲ್ಲಿ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆ ಇಡುತ್ತವಲ್ಲ, ಅದರ ನೆಂಟ. ತೂಕ ನೂರು ಗ್ರಾಂ ಆಸುಪಾಸು. ಊರಿನ ರಸ್ತೆ ಪಕ್ಕದಲ್ಲೇ ಬರೀ ಜಲ್ಲಿ ಮೇಲೆ ಮೊಟ್ಟೆ ಇಡುತ್ತದೆ. ಹತ್ತಿರ ಹೋದೆಯೋ, ಮೇಲಿಂದ ಕಿರುಚುತ್ತಾ ಬಂದು ಕೊಕ್ಕಿನಿಂದ ನೆತ್ತಿಗೆ ಕುಟ್ಟುತ್ತದೆ. ಟೋಪಿ ಮರೆತ ದಿನ ನನಗೆ ರಕ್ತ ಬಂತು. ಅದು ಕುಟ್ಟುವುದು ಎಲ್ಲಕ್ಕಿಂತ ಎತ್ತರದಲ್ಲಿ ಇರುವುದನ್ನು. ಅದಕ್ಕೆ ಅಲ್ಲಿ ಎಲ್ಲರೂ ತಲೆಗಿಂತ ಎತ್ತರಕ್ಕೆ ಒಂದು ಕೋಲು ಹಿಡಿದು ನಡೆಯುತ್ತಾರೆ. ಕೋಲಿಗೆ ಟಕ್ ಅಂತ ಕುಟ್ಟಿ ಹೋಗುತ್ತದೆ.

ಹಿಮಕರಡಿಗೂ ಅದು ಹೆದರುವುದಿಲ್ಲ, ಅದರ ತಲೆಗೂ ಎರಗುತ್ತದೆ. ಮರಿ ದೊಡ್ಡದಾದ ಮೇಲೆ ಭೂಮಿಯ ಇನ್ನೊಂದು ತುದಿಗೆ, ಅಂಟಾರ್ಕ್ಟಿಕಾ ಕಡೆಗೆ ಹಾರುತ್ತದೆ. ಅಲ್ಲಿ ಆಗ ಬೇಸಿಗೆ. ಮರುವರ್ಷ ಮತ್ತೆ ವಾಪಸ್. ನಮ್ಮ ಬಾಗಿಲ ಹತ್ತಿರ ಒಂದು ಜೋಡಿ ಇತ್ತು. ಎರಡು ತಿಂಗಳು ದಿನಾ ಬೈಸಿಕೊಂಡೆ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಕೋಲು ಎತ್ತಿಕೊಂಡು ಹೊರಗೆ ಬಂದೆ. ಕಿರುಚಾಟವೇ ಇಲ್ಲ. ರಸ್ತೆ ತುದಿಯವರೆಗೂ ಕೋಲು ಎತ್ತಿಕೊಂಡೇ ಹೋದೆ, ಯಾರೂ ಕುಟ್ಟಲಿಲ್ಲ.